ದಾನಪತ್ರವೋ ಉಯಿಲೋ: ಅಂಗಡಿ ಮಾಲೀಕರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 64 ವರ್ಷ. ದಾವಣಗೆರೆಯಲ್ಲಿ ಮೂವತ್ತೈದು ವರ್ಷಗಳಿಂದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದೇನೆ. ಜಿಎಸ್‌ಟಿ ನೋಂದಣಿ, ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲದ) ಖಾತೆ ಎಲ್ಲವೂ ನನ್ನೊಬ್ಬನ ಹೆಸರಿನಲ್ಲಿವೆ. ವರ್ಷಕ್ಕೆ ಸುಮಾರು 18 ಲಕ್ಷ ಲಾಭ ಉಳಿಯುತ್ತದೆ. ಅಂಗಡಿ ಕಟ್ಟಡವನ್ನು 1998ರಲ್ಲಿ ಸ್ವಂತ ದುಡಿಮೆಯಿಂದ ಕೊಂಡೆ. ವಾಸದ ಮನೆಯೂ ಹಾಗೆಯೇ. ಚನ್ನಗಿರಿ ತಾಲ್ಲೂಕಿನಲ್ಲಿ ಅಜ್ಜನ ಕಾಲದ ಮೂರು ಎಕರೆ ಅಡಿಕೆ ತೋಟ ಅಣ್ಣತಮ್ಮಂದಿರ ಪಾಲಿನಲ್ಲಿ ನನಗೆ ಬಂದಿದೆ. ಮನೆಯಲ್ಲಿ ಹೆಂಡತಿ, 86 ವರ್ಷದ ತಾಯಿ, ನನ್ನ ಜೊತೆ ಅಂಗಡಿಯಲ್ಲಿರುವ ಮಗ, ಸೊಸೆ, ಮೊಮ್ಮಗ ಇದ್ದಾರೆ. ಮಗಳು ಮದುವೆಯಾಗಿ ಅಮೆರಿಕದಲ್ಲಿದ್ದಾಳೆ. ವಾರಸಾ ತೆರಿಗೆ ಮತ್ತೆ ಬರುತ್ತದಂತೆ, ಈಗಲೇ ಎಲ್ಲವನ್ನೂ ಮಗನ ಹೆಸರಿಗೆ ದಾನಪತ್ರ ಮಾಡಿಬಿಡಿ ಎಂದು ಸ್ನೇಹಿತರು ಹೇಳುತ್ತಿದ್ದಾರೆ. ನನ್ನ 20 ಲಕ್ಷದ ಠೇವಣಿಯನ್ನು ಹೆಂಡತಿಗೂ ಸೊಸೆಗೂ ಹಂಚಿದರೆ ತೆರಿಗೆ ಉಳಿಯುತ್ತದೆ ಎಂದೂ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ದಾನಪತ್ರಕ್ಕೆ ನೀವಿನ್ನೂ ದಿನ ಗೊತ್ತುಮಾಡಿಲ್ಲ ಎಂದು ಭಾವಿಸಿ ಬರೆಯುತ್ತಿದ್ದೇನೆ. ಮಾಡಿದ್ದರೆ ದಯವಿಟ್ಟು ಮುಂದಕ್ಕೆ ಹಾಕಿ.

ನಿಮ್ಮ ಸ್ನೇಹಿತರು ಹೆದರುತ್ತಿರುವ ತೆರಿಗೆ ಒಂದು ಕಾಲದಲ್ಲಿ ಇದ್ದದ್ದು ನಿಜ. 1953ರ ಎಸ್ಟೇಟ್ ಡ್ಯೂಟಿ ಕಾಯ್ದೆಯ ಪ್ರಕಾರ ಸತ್ತವರ ಆಸ್ತಿಯ ಮೇಲೆ ಸುಂಕ ಬೀಳುತ್ತಿತ್ತು. ಅತಿ ದೊಡ್ಡ ಆಸ್ತಿಗಳ ಮೇಲೆ ದರ ಶೇ. 85ರವರೆಗೂ ಏರಿತ್ತು. ವಿ.ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ, 1985ರಲ್ಲಿ, ಅದನ್ನು ತೆಗೆದುಹಾಕಿದರು. ದಾನ ತೆರಿಗೆ 1998ರಲ್ಲಿ ಹೋಯಿತು, ಸಂಪತ್ತು ತೆರಿಗೆ 2015ರ ಬಜೆಟ್ಟಿನಲ್ಲಿ ಹೋಯಿತು. 2024ರ ಲೋಕಸಭಾ ಚುನಾವಣೆಯ ಭಾಷಣಗಳಲ್ಲಿ ವಾರಸಾ ತೆರಿಗೆಯ ಮಾತು ಮತ್ತೆ ಎದ್ದಿತು. ಅಂದಿನಿಂದ ನನ್ನ ಕಚೇರಿಗೆ ಬರುವವರಲ್ಲಿ ಅನೇಕರು ಇದೇ ಪ್ರಶ್ನೆ ಕೇಳುತ್ತಾರೆ. ಇಂದು ಅಂಥ ಕಾನೂನು ಇಲ್ಲ. ನಾಳೆ ಬಂದೀತು ಎಂದು ಇಂದು ಮಾಡುವ ದಾನಪತ್ರ ನಿಮ್ಮನ್ನು ಕಾಪಾಡುತ್ತದೆ ಎಂಬ ಭರವಸೆಯೂ ಇಲ್ಲ. ಹಳೆಯ ಕಾಯ್ದೆಯೇ ಸಾವಿಗೆ ಮುಂಚಿನ ಎರಡು ವರ್ಷಗಳಲ್ಲಿ ಕೊಟ್ಟ ದಾನವನ್ನು ಸತ್ತವರ ಆಸ್ತಿಯ ಲೆಕ್ಕಕ್ಕೆ ಎಳೆದುಕೊಳ್ಳುತ್ತಿತ್ತು.

ಇಲ್ಲದ ತೆರಿಗೆಯ ಚಿಂತೆಯಲ್ಲಿ ನಿಮ್ಮ ಪತ್ರದಲ್ಲೇ ಇರುವ ಒಂದು ಸಾಲನ್ನು ನೀವು ಗಮನಿಸಿಲ್ಲ: "ಎಲ್ಲವೂ ನನ್ನೊಬ್ಬನ ಹೆಸರಿನಲ್ಲಿವೆ." ಮೊದಲು ಸರಿಪಡಿಸಬೇಕಾದದ್ದು ಅದು.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು, ನಿಮ್ಮ ಹಾಗೆಯೇ ಕಬ್ಬಿಣ ಸಿಮೆಂಟ್ ವ್ಯಾಪಾರಿ, ಒಂದು ಬೆಳಗ್ಗೆ ಹೃದಯಾಘಾತದಿಂದ ತೀರಿಕೊಂಡರು. ಹನ್ನೊಂದನೆಯ ದಿನ ಮಗ ಅಂಗಡಿಯ ಬಾಗಿಲು ತೆರೆದ. ಗೋದಾಮಿನ ತುಂಬ ಸರಕಿತ್ತು, ಬಿಲ್ ಹರಿಯುವ ಹಾಗಿರಲಿಲ್ಲ. ಏಕಮಾಲೀಕನ ಜಿಎಸ್‌ಟಿ ಸಂಖ್ಯೆ ಅವನ ಪ್ಯಾನ್ ಸಂಖ್ಯೆಯ ಮೇಲೆ ನಿಂತಿರುತ್ತದೆ, ಅವನೊಂದಿಗೇ ಮುಗಿಯುತ್ತದೆ. ಮಗ ತನ್ನ ಹೆಸರಿನಲ್ಲಿ ಹೊಸ ನೋಂದಣಿ ಪಡೆದು, ಅಪ್ಪನ ಲೆಕ್ಕದಲ್ಲಿ ಉಳಿದಿದ್ದ ಇನ್‌ಪುಟ್ ಕ್ರೆಡಿಟ್ಟನ್ನು (ಸರಕು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯ ಜಮೆಯನ್ನು) ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಒಟಿಪಿ ಬರುತ್ತಿದ್ದದ್ದು ಅಪ್ಪನ ಮೊಬೈಲಿಗೆ. ಶೋಕದ ಗಡಿಬಿಡಿಯಲ್ಲಿ ಆ ಸಿಮ್ಮನ್ನು ಯಾರೋ ಬಂದ್ ಮಾಡಿಸಿದ್ದರು. ಬ್ಯಾಂಕಿನವರು ಸಾವಿನ ಸುದ್ದಿ ತಿಳಿದ ದಿನವೇ ಸಿಸಿ ಖಾತೆಯನ್ನು ತಡೆಹಿಡಿದರು. ಸಾಲದ ಬಡ್ಡಿ ಮಾತ್ರ ನಿಲ್ಲಲಿಲ್ಲ. ಊರಿನ ಗುತ್ತಿಗೆದಾರರ ಹತ್ತಿರ ಉದ್ರಿ ಬಾಕಿ ಲಕ್ಷಗಟ್ಟಲೆ ಇತ್ತು. ಕೆಲವರು "ಅಪ್ಪನಿಗೇ ಕೊಟ್ಟಾಯಿತು" ಎಂದರು. ಸತ್ತವರಿಗೆ ಬರಬೇಕಾದ ಸಾಲಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದರೆ ಉತ್ತರಾಧಿಕಾರ ಪ್ರಮಾಣಪತ್ರ ಬೇಕು, ಅದೇ ಒಂದು ಮೊಕದ್ದಮೆ. ತೆರಿಗೆಯಿಂದ ಆ ಕುಟುಂಬ ಒಂದು ರೂಪಾಯಿಯನ್ನೂ ಕಳೆದುಕೊಳ್ಳಲಿಲ್ಲ. ಅಂಗಡಿಯನ್ನು ಮಾತ್ರ ಹೆಚ್ಚುಕಡಿಮೆ ಕಳೆದುಕೊಂಡಿತು.

ಆದ್ದರಿಂದ ಮೊದಲು ವ್ಯಾಪಾರವನ್ನು ಪಾಲುದಾರಿಕೆ ಸಂಸ್ಥೆಯಾಗಿ ಮಾರ್ಪಡಿಸಿ. ನೀವು ಬದುಕಿರುವಾಗ, ನಿಮ್ಮದೇ ಸಹಿ, ನಿಮ್ಮದೇ ಒಟಿಪಿಯೊಂದಿಗೆ ಈ ಕೆಲಸ ಸಲೀಸಾಗಿ ಮುಗಿಯುತ್ತದೆ. ಸಂಸ್ಥೆಗೆ ಹೊಸ ಪ್ಯಾನ್, ಹೊಸ ಜಿಎಸ್‌ಟಿ ಸಂಖ್ಯೆ ಬರುತ್ತದೆ. ದಾಸ್ತಾನು, ಸಾಲ, ಉದ್ರಿ ಎಲ್ಲವೂ ನಡೆಯುತ್ತಿರುವ ವ್ಯಾಪಾರವಾಗಿಯೇ ಅದಕ್ಕೆ ಸೇರುತ್ತವೆ. ಪಾಲುದಾರರು ಮೂವರಿರಲಿ. ನೀವು ಮತ್ತು ಮಗ ಇಬ್ಬರೇ ಆದರೆ, "ಒಬ್ಬರು ತೀರಿಕೊಂಡರೂ ಸಂಸ್ಥೆ ಮುಂದುವರಿಯತಕ್ಕದ್ದು" ಎಂದು ಪತ್ರದಲ್ಲಿ ಎಷ್ಟೇ ದಪ್ಪಕ್ಷರದಲ್ಲಿ ಬರೆದರೂ ಪ್ರಯೋಜನವಿಲ್ಲ. ಒಬ್ಬನೇ ಉಳಿದ ಮೇಲೆ ಪಾಲುದಾರಿಕೆ ಎಂಬುದೇ ಇರುವುದಿಲ್ಲ. ಮೂರನೆಯವರು ನಿಮ್ಮ ಹೆಂಡತಿಯಾಗಬಹುದು, ಅಂಗಡಿಯ ಲೆಕ್ಕ ನೋಡುವ ಆಸಕ್ತಿಯಿದ್ದರೆ ಸೊಸೆಯೂ ಆಗಬಹುದು. ಆದರೆ ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರನೂ ತನ್ನ ಸ್ವಂತ ಆಸ್ತಿಯವರೆಗೆ ಹೊಣೆ, ಶೇ. 5ರ ಪಾಲಿದ್ದರೂ ಹೊಣೆ ಪೂರ್ತಿ. ಇದನ್ನು ಅವರಿಗೆ ವಿವರಿಸಿ ಹೇಳಿದ ಮೇಲೆಯೇ ಸಹಿ ಹಾಕಿಸಿ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿದರೆ ಈ ಹೊಣೆ ಕಾಗದದ ಮೇಲೆ ತಪ್ಪುತ್ತದೆ, ಬ್ಯಾಂಕು ಹೇಗೂ ವೈಯಕ್ತಿಕ ಜಾಮೀನು ಬರೆಸಿಕೊಳ್ಳುವುದರಿಂದ ನಿಮ್ಮಂಥ ಅಂಗಡಿಗೆ ಅದರ ಲಾಭ ಕಡಿಮೆ. ಸಂಸ್ಥೆಯನ್ನು ಸಂಸ್ಥೆಗಳ ನೋಂದಣಾಧಿಕಾರಿಯಲ್ಲಿ ನೋಂದಾಯಿಸುವುದನ್ನು ಮಾತ್ರ ಮರೆಯಬೇಡಿ. ನೋಂದಣಿಯಾಗದ ಸಂಸ್ಥೆ ಉದ್ರಿ ವಸೂಲಿಗೆ ದಾವೆ ಹೂಡಲಾರದು. ಹಾರ್ಡ್‌ವೇರ್ ವ್ಯಾಪಾರದಲ್ಲಿ ಉದ್ರಿ ಎಷ್ಟಿರುತ್ತದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಇದರಿಂದ ತೆರಿಗೆ ಹೆಚ್ಚುವುದಿಲ್ಲವೇ, ಸಂಸ್ಥೆಗೆ ನೇರ ಶೇ. 30 ಅಲ್ಲವೇ ಎಂದು ಕೇಳುತ್ತೀರಿ. ಲೆಕ್ಕ ಹಾಕೋಣ. ಈಗ 18 ಲಕ್ಷವೂ ನಿಮ್ಮ ಕೈಯಲ್ಲಿದೆ. ಹೊಸ ಪದ್ಧತಿಯಲ್ಲಿ ಅದರ ತೆರಿಗೆ ಸೆಸ್ ಸೇರಿ 1,66,400 ರೂಪಾಯಿ. ಸಂಸ್ಥೆಯಾದ ಮೇಲೆ ನಿಮ್ಮ ಬಂಡವಾಳ 40 ಲಕ್ಷ ಎಂದಿಟ್ಟುಕೊಳ್ಳಿ. ಪತ್ರದಲ್ಲಿ ಬರೆದಿದ್ದರೆ ಅದಕ್ಕೆ ಶೇ. 12ರವರೆಗೆ ಬಡ್ಡಿ ಕೊಡಬಹುದು, ಅಂದರೆ 4.80 ಲಕ್ಷ. ಉಳಿದ 13.20 ಲಕ್ಷದಲ್ಲಿ ದುಡಿಯುವ ಪಾಲುದಾರರ ಸಂಬಳವಾಗಿ ಮೊದಲ 6 ಲಕ್ಷಕ್ಕೆ ಶೇ. 90, ಮಿಕ್ಕಿದ್ದಕ್ಕೆ ಶೇ. 60ರಂತೆ 9.72 ಲಕ್ಷ ಕಳೆಯಬಹುದು. ಸಂಸ್ಥೆಯಲ್ಲಿ ಉಳಿಯುವ 3.48 ಲಕ್ಷಕ್ಕೆ ಸೆಸ್ ಸೇರಿ ತೆರಿಗೆ ಸುಮಾರು 1,08,600 ರೂಪಾಯಿ. ಆ ಲಾಭದ ಪಾಲು ನಿಮ್ಮ ಕೈಗೆ ಬಂದಾಗ ಮತ್ತೆ ತೆರಿಗೆ ಇಲ್ಲ. ಬಡ್ಡಿ ಮತ್ತು ಅರ್ಧ ಸಂಬಳ ಸೇರಿ ನಿಮಗೆ 10 ಲಕ್ಷದ ಆಚೀಚೆ, ಮಗನಿಗೆ 5 ಲಕ್ಷದ ಒಳಗೆ ಬರುತ್ತದೆ. ಠೇವಣಿಯ ಬಡ್ಡಿ ಸೇರಿದರೂ ನೀವು ಹೊಸ ಪದ್ಧತಿಯಲ್ಲಿ ತೆರಿಗೆ ಬೀಳದ 12 ಲಕ್ಷದ ಮಿತಿಯೊಳಗೇ ಇರುತ್ತೀರಿ, ಇಬ್ಬರಿಗೂ ತೆರಿಗೆ ಸೊನ್ನೆ. ವರ್ಷಕ್ಕೆ ಐವತ್ತು ಚಿಲ್ಲರೆ ಸಾವಿರ ಉಳಿಯಿತು. ಅದರಲ್ಲಿ ಸ್ವಲ್ಪ ನನ್ನಂಥವರ ಶುಲ್ಕಕ್ಕೆ ಹೋಗುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಪಾಲುದಾರರ ಸಂಬಳ, ಬಡ್ಡಿ ವರ್ಷಕ್ಕೆ 20,000 ದಾಟಿದರೆ ಸಂಸ್ಥೆ ಶೇ. 10 ಟಿಡಿಎಸ್ (ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಮುರಿಯಬೇಕು, ಅದರ ವಿವರಪಟ್ಟಿ ಸಲ್ಲಿಸಬೇಕು. (1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ಇಲ್ಲಿ ಹೇಳಿರುವ ನಿಯಮಗಳ ತಿರುಳು ಹಾಗೆಯೇ ಇದೆ. ಅದಕ್ಕೇ ನಾನು ಸೆಕ್ಷನ್ನುಗಳ ಹೆಸರೆತ್ತುತ್ತಿಲ್ಲ.)

ಅಂಗಡಿಯ ಕಟ್ಟಡವನ್ನು ಸಂಸ್ಥೆಗೆ ಸೇರಿಸಬೇಡಿ. ಬಂಡವಾಳವೆಂದು ಸೇರಿಸಿದರೆ ಪುಸ್ತಕದಲ್ಲಿ ಬರೆದ ಮೊತ್ತಕ್ಕೆ ನೀವು ಮಾರಿದಂತೆಯೇ ಎಣಿಸಿ ಬಂಡವಾಳ ಲಾಭದ ತೆರಿಗೆ ಕೇಳುತ್ತಾರೆ. ಕಟ್ಟಡ ನಿಮ್ಮದಾಗಿಯೇ ಉಳಿಯಲಿ, ಸಂಸ್ಥೆ ಬಾಡಿಗೆಗಿರಲಿ. ನಿಮ್ಮ ಸ್ವಂತ ಜಿಎಸ್‌ಟಿ ನೋಂದಣಿ ರದ್ದಾದ ಮೇಲೆ ಆ ಬಾಡಿಗೆಯ ಮೇಲಿನ ಶೇ. 18 ಜಿಎಸ್‌ಟಿಯನ್ನು ಬಾಡಿಗೆದಾರ ಸಂಸ್ಥೆಯೇ ಕಟ್ಟಿ ಕ್ರೆಡಿಟ್ ಪಡೆಯಬೇಕು; 2024ರ ಅಕ್ಟೋಬರ್ 10ರಿಂದ ಬಂದ ಈ ನಿಯಮವನ್ನು ಅನೇಕ ಅಂಗಡಿಯವರು ನೋಟಿಸು ಬಂದಾಗಲೇ ಕೇಳಿ ತಿಳಿಯುತ್ತಾರೆ.

ಇನ್ನು ದಾನಪತ್ರಕ್ಕೆ ಬರುತ್ತೇನೆ. ತೆರಿಗೆಯ ದೃಷ್ಟಿಯಿಂದ ದಾನಕ್ಕೂ ಉಯಿಲಿಗೂ ವ್ಯತ್ಯಾಸವೇ ಇಲ್ಲ. ಎರಡರಲ್ಲೂ ಕೊಡುವವರಿಗೂ ಪಡೆಯುವ ಮಗನಿಗೂ ಆದಾಯ ತೆರಿಗೆ ಇಲ್ಲ. ಎರಡರಲ್ಲೂ, ಮಗ ಮುಂದೆ ಮಾರುವಾಗ ನೀವು ಕೊಂಡ ಬೆಲೆಯೇ ಅವನು ಕೊಂಡ ಬೆಲೆ, ನೀವು ಇಟ್ಟುಕೊಂಡ ಕಾಲವೇ ಅವನ ಕಾಲ. ನಿಮ್ಮ ಖರೀದಿ 2001ಕ್ಕಿಂತ ಮುಂಚಿನದಾದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು, ಅದು ನೋಂದಣಿಗೆ ಸರ್ಕಾರ ಗೊತ್ತುಮಾಡಿದ್ದ ಅಂದಿನ ಮಾರ್ಗಸೂಚಿ ಬೆಲೆಯನ್ನು ಮೀರುವಂತಿಲ್ಲ. ಆ ಬೆಲೆ 10 ಲಕ್ಷವಾಗಿದ್ದು ಮಗ ಒಂದೂವರೆ ಕೋಟಿಗೆ ಮಾರಿದನೆನ್ನಿ: 1.40 ಕೋಟಿ ಲಾಭಕ್ಕೆ ಶೇ. 12.5ರಂತೆ 17.50 ಲಕ್ಷ, ಸರ್‌ಚಾರ್ಜ್ ಮತ್ತು ಸೆಸ್ ಬೇರೆ. ದಾನವಾದರೂ ಅಷ್ಟೇ, ಉಯಿಲಾದರೂ ಅಷ್ಟೇ. ಹಳೆಯ ಕ್ರಯಪತ್ರ, 2001ರ ಮಾರ್ಗಸೂಚಿ ದರದ ದಾಖಲೆ ಇವುಗಳನ್ನು ಒಂದು ಕಡತದಲ್ಲಿ ಇಟ್ಟುಬಿಡಿ. ಮಗನಿಗೆ ಲಕ್ಷಗಳು ಉಳಿಯುವುದು ಅದರಿಂದಲೇ.

ವ್ಯತ್ಯಾಸ ಇರುವುದು ಬೇರೆ ಕಡೆ. ಉಯಿಲನ್ನು ನೀವು ಬದುಕಿರುವವರೆಗೆ ಹತ್ತು ಸಲ ಬದಲಾಯಿಸಬಹುದು. ನೋಂದಾಯಿತ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲು ಬರುವುದಿಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯ ಪ್ರಕಾರ, ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಪಡೆದ ಮಗ ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ದಾನಪತ್ರ ರದ್ದು ಕೋರಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹಿರಿಯರ ಪರವಾಗಿ ಉದಾರವಾಗಿಯೇ ಅರ್ಥೈಸಿದೆ. ಆದರೆ ಎಪ್ಪತ್ತು ದಾಟಿದ ಮೇಲೆ ಮಗನ ಮೇಲೆ ಅರ್ಜಿ ಹಿಡಿದು ಕಚೇರಿಯ ಬೆಂಚಿನ ಮೇಲೆ ಕೂರುವ ಪರಿಸ್ಥಿತಿ ಯಾರಿಗೂ ಬೇಡ. ನಿಮ್ಮ ಮಗ ಒಳ್ಳೆಯವನೇ ಇರಬಹುದು. ನಾಳೆ ಅವನ ವ್ಯಾಪಾರ ಮುಗ್ಗರಿಸಿದರೆ ಸಾಲ ಕೊಟ್ಟವರು ಜಪ್ತಿ ಮಾಡುವುದು ಅವನ ಹೆಸರಿನಲ್ಲಿರುವ ಆಸ್ತಿಯನ್ನೇ. ಅದರಲ್ಲಿ ನೀವು ಮಲಗುವ ಮನೆಯೂ ಸೇರಬೇಕೇ?

ತೋಟದ ವಿಷಯದಲ್ಲಂತೂ ದಾನದ ಮಾತೇ ಬರುವುದಿಲ್ಲ, ಅದು ಪೂರ್ತಿ ನಿಮ್ಮದಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ನಿಮಗೆ ಸರಿಸಮನಾದ ಹಕ್ಕಿದೆ. ಮಗಳ ಈ ಹಕ್ಕನ್ನು 2005ರ ತಿದ್ದುಪಡಿ ಇಡೀ ದೇಶಕ್ಕೆ ತಂದಿತು. ಕರ್ನಾಟಕ 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಕೊಟ್ಟಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಉಳಿದಿದ್ದ ಗೊಂದಲವನ್ನೂ ತೆಗೆಯಿತು. ನಿಮ್ಮ ಅವಿಭಜಿತ ಪಾಲಿನ ಮಟ್ಟಿಗೆ ಮಾತ್ರ ನೀವು ಉಯಿಲು ಬರೆಯಬಹುದು. ಮಗಳು ಅಮೆರಿಕದಲ್ಲಿದ್ದರೂ ಕೃಷಿ ಭೂಮಿ ಅವಳಿಗೆ ವಾರಸಿನಿಂದ ಬರಲು ಅಡ್ಡಿಯಿಲ್ಲ. ಅನಿವಾಸಿಯಾದವಳಿಗೆ ಕೃಷಿ ಭೂಮಿಯನ್ನು ದಾನವಾಗಿ ಕೊಡಲು, ಅವಳು ಕೊಳ್ಳಲು ಮಾತ್ರ ವಿದೇಶಿ ವಿನಿಮಯ ನಿಯಮ ಬಿಡುವುದಿಲ್ಲ. ಪಹಣಿಯನ್ನೊಮ್ಮೆ ತೆಗೆಸಿ ನೋಡಿ. ಅಣ್ಣತಮ್ಮಂದಿರ ಪಾಲು ಪಾಲುಪಟ್ಟಿಯ ಕಾಗದದಲ್ಲೇ ಉಳಿದು, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುವ ತೋಟಗಳು ನಮ್ಮ ಕಡೆ ಎಷ್ಟೋ ಇವೆ. ಅಂಗಡಿ, ಮನೆಗಳಿಗೆ ಇ-ಖಾತಾ ಆಗಿದೆಯೇ, ಅದರಲ್ಲಿ ನಿಮ್ಮ ಇನಿಷಿಯಲ್ ಆಧಾರ್‌ಗೆ ಹೊಂದುತ್ತದೆಯೇ ಎಂದೂ ನೋಡಿ. ನೀವಿದ್ದಾಗ ಒಂದು ಅರ್ಜಿಯಲ್ಲಿ ಮುಗಿಯುವ ತಿದ್ದುಪಡಿಗೆ ನಿಮ್ಮ ನಂತರ ಮಕ್ಕಳು ವರ್ಷಗಟ್ಟಲೆ ಅಲೆಯುತ್ತಾರೆ.

ಉಯಿಲು ಬರೆಯದಿದ್ದರೆ ಏನಾಗುತ್ತದೆ? ಇದನ್ನು ನಿಮ್ಮ ಸ್ನೇಹಿತರು ಹೇಳಿರಲಾರರು. ಸ್ವಯಾರ್ಜಿತ ಆಸ್ತಿ ಹೆಂಡತಿ, ಮಗ, ಮಗಳು ಮತ್ತು ನಿಮ್ಮ ತಾಯಿ, ಈ ನಾಲ್ವರಿಗೆ ಸಮಪಾಲು. ತಾಯಿಯವರಿಗೆ ಕಾಲು ಭಾಗ ಹೋದರೆ ತಪ್ಪೇನು ಎನ್ನಬಹುದು, ತಪ್ಪೇನೂ ಇಲ್ಲ. ಅವರ ನಂತರ ಆ ಕಾಲು ಭಾಗ ಅವರ ಎಲ್ಲ ಮಕ್ಕಳಿಗೆ ಹಂಚಿಹೋಗುತ್ತದೆ. ಅಂದರೆ ನೀವು ಒಬ್ಬರೇ ದುಡಿದು ಕೊಂಡ ಅಂಗಡಿಯ ಕಟ್ಟಡದಲ್ಲಿ ನಿಮ್ಮ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಹಕ್ಕುದಾರರಾಗುತ್ತಾರೆ. ಮಗ ಆ ಕಟ್ಟಡದ ಮೇಲೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ವಂಶವೃಕ್ಷ ನೋಡಿ ಎಲ್ಲರ ಸಹಿ ತನ್ನಿ ಎನ್ನುತ್ತಾರೆ.

ಠೇವಣಿಯ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ಹೆಂಡತಿಗೆ ಕೊಟ್ಟ ಹಣದ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ ಎಂದು ಸಾಮಾನ್ಯವಾಗಿ ಜನರಿಗೆ ಗೊತ್ತು. ಸೊಸೆಗೆ ಕೊಟ್ಟದ್ದೂ ಹಾಗೆಯೇ ಸೇರುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ವಯಸ್ಸಿಗೆ ಬಂದ ಮಗನಿಗೋ ತಾಯಿಗೋ ಕೊಟ್ಟರೆ ಸೇರುವುದಿಲ್ಲ. ಆದರೆ ತಾಯಿಯವರ ಹೆಸರಿಗೆ ಹಾಕಿದ ಹಣ ಅವರದ್ದೇ. ಅವರು ಉಯಿಲು ಬರೆಯದಿದ್ದರೆ ಮೇಲೆ ಹೇಳಿದ ದಾರಿಯಲ್ಲೇ ಹೋಗುತ್ತದೆ. ನಾಮಿನಿ ನಾನೇ ಇದ್ದೇನಲ್ಲ ಎನ್ನಬೇಡಿ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಎಣಿಸಿಕೊಂಡು ವಾರಸುದಾರರಿಗೆ ತಲುಪಿಸುವವನು, ಒಡೆಯನಲ್ಲ. ಷೇರುಗಳ ವಿಷಯದಲ್ಲೂ ಇದು ಹೀಗೆಯೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿತು. ಮೇಲೆ ಹಾಕಿದ ಲೆಕ್ಕದಂತೆ ಸಂಸ್ಥೆಯಾದ ಮೇಲೆ ನಿಮ್ಮ ಠೇವಣಿಗೆ ತೆರಿಗೆಯೇ ಬೀಳುವುದಿಲ್ಲ, ಹಾಗಾಗಿ ಅದನ್ನು ಎಲ್ಲಿಗೂ ಓಡಿಸಬೇಡಿ.

ಉಯಿಲಿಗೆ ಮುದ್ರಾಂಕದ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಸಹಿ ಹಾಕುವುದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕು. ಅವರು ನಿಮಗಿಂತ ಚಿಕ್ಕವರಾಗಿರಲಿ, ಆಸ್ತಿ ಪಡೆಯುವವರಾಗಿರುವುದು ಬೇಡ. ಏನು ಬರೆಯಬೇಕು ಎಂಬುದು ನಿಮಗೆ ಬಿಟ್ಟದ್ದು, ಆದರೂ ಕೇಳಿದ್ದೀರಿ, ನನ್ನ ಅಭಿಪ್ರಾಯ ಹೇಳುತ್ತೇನೆ. ಮನೆ ನಿಮ್ಮ ಹೆಂಡತಿಗೆ ಪೂರ್ಣ ಹಕ್ಕಿನೊಂದಿಗೆ ಹೋಗಲಿ. "ಜೀವನಪರ್ಯಂತ ಅನುಭವಿಸತಕ್ಕದ್ದು, ನಂತರ ಮಗನಿಗೆ" ಎಂಬ ಒಕ್ಕಣೆ ಎಷ್ಟು ಮೊಕದ್ದಮೆಗಳನ್ನು ಹುಟ್ಟಿಸಿದೆಯೆಂದು ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ. ತಾಯಿಯವರಿಗೆ ಅದೇ ಮನೆಯಲ್ಲಿ ವಾಸದ ಹಕ್ಕು, ಔಷಧೋಪಚಾರಕ್ಕೆಂದು ಠೇವಣಿಯ ಬಡ್ಡಿ. ಕಟ್ಟಡ ಅಂಗಡಿ ನಡೆಸುವ ಮಗನಿಗೆ. ಅಂಗಡಿಯಲ್ಲಿ ಅಣ್ಣತಂಗಿಯರನ್ನು ಜಂಟಿ ಮಾಲೀಕರನ್ನಾಗಿ ಮಾಡುವುದು ಇಬ್ಬರಿಗೂ ಹಿಂಸೆ. ಅದರ ಬದಲಿಗೆ ಮಗಳಿಗೆ ಇಂತಿಷ್ಟು ಹಣವನ್ನು ಮಗ ಐದು ವರ್ಷದೊಳಗೆ ಕೊಡತಕ್ಕದ್ದು ಎಂದು ಬರೆಯಿರಿ. ಅವಳು ಅದನ್ನು ಅಮೆರಿಕಕ್ಕೆ ತರಿಸಿಕೊಳ್ಳಲು ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಅವಕಾಶವಿದೆ. ವಿದೇಶದಿಂದ ಬಂದ ವಾರಸು ವರ್ಷದಲ್ಲಿ ಒಂದು ಲಕ್ಷ ಡಾಲರ್ ದಾಟಿದರೆ ಅಲ್ಲಿ ತೆರಿಗೆ ಇಲ್ಲದಿದ್ದರೂ ಅಲ್ಲಿನ ತೆರಿಗೆ ಇಲಾಖೆಗೆ 3520 ನಮೂನೆಯಲ್ಲಿ ತಿಳಿಸಬೇಕು, ತಪ್ಪಿದರೆ ದಂಡ ಭಾರಿ. "ಮದುವೆಗೆ ಖರ್ಚು ಮಾಡಿದ್ದೇವೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳೋಣ" ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ನಿಮ್ಮ ಸ್ವಯಾರ್ಜಿತದಲ್ಲಿ ನೀವು ಬದುಕಿರುವಾಗ ಅವಳಿಗೆ ಹಕ್ಕೇ ಇಲ್ಲ. ಇಲ್ಲದ ಹಕ್ಕನ್ನು ಬಿಡಿಸಿಕೊಂಡ ಕಾಗದಕ್ಕೆ ಬೆಲೆಯೂ ಇಲ್ಲ, ಮಗಳ ಮನಸ್ಸು ಮಾತ್ರ ಕೆಡುತ್ತದೆ. ಫೋನಿನಲ್ಲಿ ಅವಳಿಗೆ ಎಲ್ಲವನ್ನೂ ಮೊದಲೇ ಹೇಳಿ.

ಮಗನಿಗೊಂದು ಮಾತು. ಸಿಸಿ ಸಾಲಕ್ಕೆ ಇನ್ನು ಮುಂದೆ ಅವನೂ ಹೊಣೆಯಾಗುತ್ತಾನೆ. ಅವನು ಅವಧಿ (ಟರ್ಮ್) ವಿಮೆ ಮಾಡಿಸಲಿ, ಅದನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ಹೆಂಡತಿ ಮತ್ತು ಮಗುವಿನ ಹೆಸರಿಗೆ ತೆಗೆದುಕೊಳ್ಳಲಿ. ಆಗ ಆ ಹಣವನ್ನು ಅಂಗಡಿಗೆ ಸಾಲ ಕೊಟ್ಟವರು ಮುಟ್ಟಲಾರರು. ಪಾಲಿಸಿ ಕೊಳ್ಳುವಾಗಲೇ ಆ ನಮೂನೆ ತುಂಬಬೇಕು, ಆಮೇಲೆ ಸೇರಿಸಲು ಬರುವುದಿಲ್ಲ.

ಹಿಂದೂ ಅವಿಭಕ್ತ ಕುಟುಂಬದ ಹೆಸರಿನಲ್ಲಿ ಇನ್ನೊಂದು ಪ್ಯಾನ್ ಮಾಡಿಸಿ ಎಂಬ ಸಲಹೆಯೂ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಸ್ವಂತ ಹಣ ಅದಕ್ಕೆ ಹಾಕಿದರೆ ಆದಾಯ ಮತ್ತೆ ನಿಮಗೇ ಸೇರುತ್ತದೆ, ತೋಟದ ಆದಾಯಕ್ಕೆ ಹೇಗೂ ತೆರಿಗೆ ಇಲ್ಲ. ಬಿಟ್ಟುಬಿಡಿ.

ಬ್ಯಾಂಕಿನ ಒಪ್ಪಿಗೆಯಿಲ್ಲದೆ ಸಂಸ್ಥೆಯ ಕೆಲಸ ಶುರುವಾಗದು, ಅದಕ್ಕೆ ಒಂದೆರಡು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯದೆ ಈ ವಾರವೇ ಮಾಡಬೇಕಾದದ್ದು ನಿಮ್ಮ ತಾಯಿಯವರ ಉಯಿಲು. ಅವರ ಹೆಸರಿನಲ್ಲಿ ಒಂದು ತೊಲ ಬಂಗಾರವಿದ್ದರೂ ಸರಿ, ನಿಮ್ಮಿಂದ ಮುಂದೆ ಬರಬಹುದಾದದ್ದೂ ಸೇರಿ ಎಲ್ಲವೂ ಯಾರಿಗೆ ಎಂದು ಅವರೇ ತಮ್ಮ ಮಾತಿನಲ್ಲಿ ಹೇಳಲಿ, ನಿಮ್ಮ ಅಣ್ಣತಮ್ಮಂದಿರ ಎದುರಿಗೇ ಹೇಳಲಿ. ಬುದ್ಧಿ ಸ್ವಾಧೀನವಿದೆ ಎಂದು ಅವರನ್ನು ನೋಡುವ ವೈದ್ಯರಿಂದ ಅದೇ ದಿನದ ಒಂದು ಪತ್ರ ಪಡೆಯಿರಿ. ಸಹಿ ಹಾಕಲು ಕೈ ನಡುಗಿದರೆ ಹೆಬ್ಬೆಟ್ಟು ಸಾಕು. ಕಚೇರಿಯ ಮೆಟ್ಟಿಲು ಹತ್ತಲು ಆಗದಿದ್ದರೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿ, ಉಪನೋಂದಣಾಧಿಕಾರಿಗಳು ಮನೆಗೇ ಬರುತ್ತಾರೆ.